ಹೆಸರಿನ ಹೆಸರು



ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರೆ ಭೂಮಿಯನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಮುಂಗಾರಿನ ಹದ ಮಳೆ ಬಿದ್ದು ಕರಿಮಣ್ಣು ನೆನೆಯಿತೆಂದರೆ ಅಲ್ಲಿನ ರೈತರು ಕೂರಿಗೆ ಹೂಡುತ್ತಾರೆ. ಆಗ ಬಿತ್ತುವ ಬೆಳೆಗಳಲ್ಲಿ ಮುಖ್ಯವಾದುದು ಹೆಸರು. ಜೂನ್ ತಿಂಗಳಲ್ಲಿ ಬಿತ್ತಿದ ಹೆಸರು ಆಗಸ್ಟ್ ಕೊನೆಯ ಹೊತ್ತಿಗೆ ಕೈಗೆ ಬರುತ್ತದೆ. ಅನಂತರ ಅದೇ ಹೊಲವನ್ನು ಹಸನು ಮಾಡಿ ಹಿಂಗಾರಿಗೆ ಕಡಲೆಯನ್ನೋ ಬಿಳಿಜೋಳವನ್ನೋ ಬಿತ್ತಲು ಕಾಲಾವಕಾಶ ಇರುತ್ತದೆ. ಹೆಸರು ಮಾರಿ ಬಂದ ಹಣದಿಂದಲೇ ಎಷ್ಟೋ ಮನೆಗಳಲ್ಲಿ ಹಿಂಗಾರಿಯ ಬೀಜ ಗೊಬ್ಬರದ ಖರ್ಚು ನೀಗಬೇಕು. ಇದಲ್ಲದೆ ಹೆಸರಿನ ಬೇರಿನ ಗಂಟುಗಳಲ್ಲಿ ವಾಸಿಸುವ ಬ್ಯಾಕ್ಟೀರಿಯಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆ. ಅದರ ಒಂದಂಶ ಮಣ್ಣಿಗೂ ಸೇರುತ್ತದೆ.

ಇಷ್ಟು ಪರಿಚಿತವಾದ ಈ ಬೆಳೆಯ ಬಗ್ಗೆ ನಾನು ನಿಮಗೆ ಇಂದು ಒಂದೇ ಪ್ರಶ್ನೆ ಕೇಳುತ್ತೇನೆ. ಹೆಸರಿನ ಹೆಸರೇನು?

ಇದು ಮಾತಿನ ಚಮತ್ಕಾರವೆಂದು ತಿಳಿಯಬೇಡಿ. ಈ ಪ್ರಶ್ನೆಗೆ ಸರಿಯಾದ ಉತ್ತರ ಕಂಡುಕೊಳ್ಳಲು ಸಸ್ಯವಿಜ್ಞಾನಿಗಳಿಗೆ ಇನ್ನೂರು ವರ್ಷ ಬೇಕಾಯಿತು. ಆ ಉತ್ತರದ ಮೇಲೆ ರೈತನ ಹೊಲದ ಎಷ್ಟೋ ಸಂಗತಿಗಳು ನಿಂತಿವೆ. ಅದು ಹೇಗೆ ಎಂಬುದನ್ನು ನೋಡೋಣ.

ಮೊದಲು ಊರ ಹೆಸರುಗಳನ್ನು ತೆಗೆದುಕೊಳ್ಳಿ. ನಾವು ಹೆಸರು ಎನ್ನುತ್ತೇವೆ. ಹಳಗನ್ನಡದಲ್ಲಿ ಇದು 'ಪೆಸರ್'. ಪಾಲು ಹಾಲಾದಂತೆ, ಪೂ ಹೂವಾದಂತೆ ಪೆಸರು ಹೆಸರಾಯಿತು. ತೆಲುಗಿನಲ್ಲಿ ಪೆಸಲು, ತಮಿಳಿನಲ್ಲಿ ಪಯರು. ಈ ಮೂರೂ ಒಂದೇ ದ್ರಾವಿಡ ಮೂಲದಿಂದ ಬಂದ ಪದಗಳು. ಸಂಸ್ಕೃತದಲ್ಲಿ ಇದೇ ಕಾಳು 'ಮುದ್ಗ'. ಅದರಿಂದ ಹಿಂದಿಯ ಮೂಂಗ್, ಮರಾಠಿಯ ಮೂಗ್ ಹುಟ್ಟಿದವು. ಪದಗಳಲ್ಲೂ ಬಂಧುಬಳಗವಿದೆ ಎಂಬುದನ್ನು ಗಮನಿಸಿ. ಹೆಸರು ಮತ್ತು ಪೆಸಲು ಒಂದು ಮನೆತನ, ಮುದ್ಗ ಮತ್ತು ಮೂಂಗ್ ಇನ್ನೊಂದು ಮನೆತನ.

ಊರ ಹೆಸರುಗಳು ಊರಿನ ಮಟ್ಟಿಗೆ ಸಾಕು. ಗಜೇಂದ್ರಗಡದ ಸಂತೆಯಲ್ಲಿ 'ಹೆಸರು ಕೊಡಿ' ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಧಾರವಾಡದ ವಿಜ್ಞಾನಿಯೊಬ್ಬರು ಜಪಾನಿನ ವಿಜ್ಞಾನಿಗೆ ಇದೇ ಗಿಡದ ಬಗ್ಗೆ ಪತ್ರ ಬರೆಯಬೇಕಾದರೆ ಯಾವ ಹೆಸರು ಬಳಸಬೇಕು? ಇಂಗ್ಲಿಷಿನ 'ಗ್ರೀನ್ ಗ್ರಾಮ್' ಸಾಕೆ? ಹಸಿರು ಕಾಳು ಎಂದು ಅದರ ಅರ್ಥ. ಆದರೆ ಹೆಸರಿನಲ್ಲಿ ಹಳದಿ, ಕಂದು, ಕಪ್ಪು ಬಣ್ಣದ ಕಾಳುಗಳೂ ಉಂಟು. ಉದ್ದನ್ನು ಇಂಗ್ಲಿಷಿನಲ್ಲಿ 'ಬ್ಲ್ಯಾಕ್ ಗ್ರಾಮ್' ಎನ್ನುತ್ತಾರೆ. ಆ ಉದ್ದಿನಲ್ಲಿ ಹಸಿರು ಕಾಳಿನ ತಳಿಗಳೂ ಇವೆ. ಹಾಗಾದರೆ ಕಪ್ಪು ಹೆಸರನ್ನೂ ಹಸಿರು ಉದ್ದನ್ನೂ ಬಣ್ಣ ನೋಡಿ ಬೇರ್ಪಡಿಸಲು ಸಾಧ್ಯವೆ?

ಹೆಸರಿಡುವುದರ ಜೊತೆಗೇ ಬರುವ ಕೆಲಸ ವಿಂಗಡಿಸುವುದು. ನಮ್ಮ ಹಿರಿಯರು ಬೆಳೆಗಳನ್ನು ಮುಂಗಾರಿ, ಹಿಂಗಾರಿ ಎಂದು ವಿಂಗಡಿಸಿದರು. ಇದು ಬೇಸಾಯಕ್ಕೆ ಬೇಕಾದ ವರ್ಗೀಕರಣ. ಅಡಿಗೆಮನೆಯಲ್ಲಿ ಅಕ್ಕಿ, ಜೋಳ ಒಂದು ಕಡೆ, ಬೇಳೆಕಾಳು ಇನ್ನೊಂದು ಕಡೆ. ಇದು ಊಟಕ್ಕೆ ಬೇಕಾದ ವರ್ಗೀಕರಣ. ಎರಡೂ ಸರಿಯೇ. ಪ್ರತಿಯೊಂದು ವರ್ಗೀಕರಣಕ್ಕೂ ಒಂದು ಉದ್ದೇಶವಿರುತ್ತದೆ. ವೈಜ್ಞಾನಿಕ ವರ್ಗೀಕರಣದ ಉದ್ದೇಶ ಬೇರೆ. ಯಾವುದು ಯಾವುದಕ್ಕೆ ಬಂಧು, ಎಷ್ಟು ಹತ್ತಿರದ ಬಂಧು ಎಂದು ಅದು ಕೇಳುತ್ತದೆ.

ಸ್ವೀಡನ್ ದೇಶದ ಕಾರ್ಲ್ ಲಿನೇಯಸ್ ಎಂಬ ವೈದ್ಯ ಮತ್ತು ನಿಸರ್ಗವಿಜ್ಞಾನಿ 1753ರಲ್ಲಿ 'ಸ್ಪೀಸೀಸ್ ಪ್ಲಾಂಟೇರಮ್' ಎಂಬ ಗ್ರಂಥ ಪ್ರಕಟಿಸಿದರು. ಎರಡು ಸಂಪುಟಗಳ ಆ ಗ್ರಂಥದಲ್ಲಿ ಆಗ ತಿಳಿದಿದ್ದ ಸುಮಾರು 6,000 ಸಸ್ಯ ಪ್ರಭೇದಗಳ ವಿವರವಿದೆ. ಅದಕ್ಕೆ ಮುಂಚೆ ವಿದ್ವಾಂಸರು ಒಂದು ಗಿಡವನ್ನು ಗುರುತಿಸಲು ಲ್ಯಾಟಿನ್ ಭಾಷೆಯಲ್ಲಿ ಉದ್ದನೆಯ ವಾಕ್ಯವನ್ನೇ ಬರೆಯುತ್ತಿದ್ದರು. ಲಿನೇಯಸ್ ಪ್ರತಿ ಗಿಡಕ್ಕೂ ಎರಡೇ ಪದಗಳ ಹೆಸರು ಕೊಟ್ಟರು. ಮೊದಲ ಪದ ಜಾತಿಯನ್ನು, ಎರಡನೆಯ ಪದ ಪ್ರಭೇದವನ್ನು ಸೂಚಿಸುತ್ತದೆ. ಉತ್ತರ ಕರ್ನಾಟಕದ ಕಡೆ ಅಡ್ಡಹೆಸರು ಇರುತ್ತದಲ್ಲವೆ? ಜಾತಿಯ ಹೆಸರು ಮನೆತನದ ಅಡ್ಡಹೆಸರಿನಂತೆ. ಪ್ರಭೇದದ ಹೆಸರು ಆ ಮನೆಯ ಒಬ್ಬ ಸದಸ್ಯನ ಸ್ವಂತ ಹೆಸರಿನಂತೆ. ವಿಜ್ಞಾನದಲ್ಲಿ ಅಡ್ಡಹೆಸರು ಮೊದಲು ಬರುತ್ತದೆ, ಅಷ್ಟೇ ವ್ಯತ್ಯಾಸ. ಇದನ್ನು ದ್ವಿನಾಮ ಪದ್ಧತಿ ಎನ್ನುತ್ತೇವೆ.

ಕಾಲಕ್ರಮದಲ್ಲಿ ಇದಕ್ಕೆ ನಿಯಮಗಳು ಬಂದವು. ಸಸ್ಯಗಳ ಮಟ್ಟಿಗೆ 1753ರ ಆ ಗ್ರಂಥವೇ ಆರಂಭದ ಗೆರೆ. ಪ್ರಾಣಿಗಳ ಮಟ್ಟಿಗೆ ಲಿನೇಯಸರದೇ ಆದ, 1758ರಲ್ಲಿ ಬಂದ 'ಸಿಸ್ಟೆಮಾ ನ್ಯಾಚುರೇ' ಗ್ರಂಥದ ಹತ್ತನೆಯ ಆವೃತ್ತಿ. ಒಂದೇ ಜೀವಿಗೆ ಇಬ್ಬರು ಎರಡು ಹೆಸರು ಕೊಟ್ಟಿದ್ದರೆ ಸಾಮಾನ್ಯವಾಗಿ ಮೊದಲು ಕೊಟ್ಟ ಹೆಸರಿಗೇ ಮನ್ನಣೆ. ಇದು ಅಗ್ರತೆಯ ನಿಯಮ. ಪ್ರತಿ ಹೆಸರಿಗೂ ಒಂದು ಮೂಲ ಮಾದರಿ ಇರಬೇಕು. ಒಣಗಿಸಿ ಹಾಳೆಗೆ ಅಂಟಿಸಿ ಕಾಪಾಡಿದ ಗಿಡವೋ ಹಳೆಯ ಚಿತ್ರವೋ ಆ ಹೆಸರಿಗೆ ಸಾಕ್ಷಿಯಾಗಿರುತ್ತದೆ. ಅನುಮಾನ ಬಂದಾಗ ಆ ಸಾಕ್ಷಿಯನ್ನು ನೋಡಿ ತೀರ್ಮಾನಿಸಬೇಕು. ಈ ನಿಯಮಗಳನ್ನು ಸಸ್ಯವಿಜ್ಞಾನಿಗಳು ಅಂತರರಾಷ್ಟ್ರೀಯ ಸಮ್ಮೇಳನಗಳಲ್ಲಿ ಸೇರಿ ಪರಿಷ್ಕರಿಸುತ್ತಾರೆ. 2024ರಲ್ಲಿ ಸ್ಪೇನಿನ ಮ್ಯಾಡ್ರಿಡ್ ನಗರದಲ್ಲಿ ಅಂಥ ಸಮ್ಮೇಳನ ನಡೆಯಿತು.

ಈಗ ನಮ್ಮ ಹೆಸರಿನ ಕಥೆಗೆ ಬರೋಣ. 1753ರ ಗ್ರಂಥದಲ್ಲಿಯೇ ಲಿನೇಯಸ್ ಹೆಸರಿಗೆ 'ಫ್ಯಾಸಿಯೋಲಸ್ ರೇಡಿಯಾಟಸ್' ಎಂಬ ಹೆಸರು ಕೊಟ್ಟರು. ರೇಡಿಯಾಟಸ್ ಎಂದರೆ ಕಿರಣಗಳಂತೆ ಹರಡಿದ್ದು ಎಂದರ್ಥ. ಕಾಯಿ ಬಲಿತ ಹೆಸರಿನ ಗಿಡವನ್ನು ನೆನಪಿಸಿಕೊಳ್ಳಿ. ಒಂದು ಕಡ್ಡಿಯ ತುದಿಯಿಂದ ಕಾಯಿಗಳು ಸುತ್ತಲೂ ಚಾಚಿಕೊಂಡಿರುವುದು ಆ ಪದಕ್ಕೆ ಒಪ್ಪುತ್ತದೆ. ಮುಂದೆ 1767ರಲ್ಲಿ ಅವರೇ ಇನ್ನೊಂದು ಗಿಡಕ್ಕೆ 'ಫ್ಯಾಸಿಯೋಲಸ್ ಮುಂಗೊ' ಎಂದು ಹೆಸರಿಟ್ಟರು. ಮುಂಗೊ ಎಂಬುದು ನಮ್ಮ ದೇಶದ ಮೂಂಗ್ ಪದದಿಂದಲೇ ಬಂದದ್ದು. ಮೂಂಗ್ ಎಂದರೆ ಹೆಸರು ತಾನೆ? ಆದರೆ ಲಿನೇಯಸರ ಮುಂಗೊ ಹೆಸರಲ್ಲ, ಉದ್ದು!

ಗೊಂದಲ ಇಲ್ಲಿಂದ ಶುರುವಾಯಿತು. ಭಾರತದ ಭಾಷೆಗಳನ್ನು ಬಲ್ಲವರು ಮುಂಗೊ ಎಂಬ ಪದ ಕಂಡೊಡನೆ ಅದು ಹೆಸರೇ ಎಂದು ತಿಳಿದರು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಪುಸ್ತಕಗಳಲ್ಲಿ ಫ್ಯಾಸಿಯೋಲಸ್ ಮುಂಗೊ ಎಂದರೆ ಹೆಸರು, ಫ್ಯಾಸಿಯೋಲಸ್ ರೇಡಿಯಾಟಸ್ ಎಂದರೆ ಉದ್ದು ಎಂದು ಅಚ್ಚಾಯಿತು. ಬೇರೆ ಪುಸ್ತಕಗಳಲ್ಲಿ ಅದರ ತಿರುಗುಮುರುಗು. ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕರಾಗಿದ್ದ ವಿಲಿಯಂ ರಾಕ್ಸ್‌ಬರ್ಗ್ ತೀರಿಕೊಂಡದ್ದು 1815ರಲ್ಲಿ. ಅವರ ಭಾರತೀಯ ಸಸ್ಯಗಳ ಗ್ರಂಥ 1832ರಲ್ಲಿ ಪ್ರಕಟವಾದಾಗ 'ಫ್ಯಾಸಿಯೋಲಸ್ ಆರಿಯಸ್' ಎಂಬ ಮೂರನೆಯ ಹೆಸರೂ ಸೇರಿಕೊಂಡಿತು. ಆರಿಯಸ್ ಎಂದರೆ ಬಂಗಾರದ ಬಣ್ಣದ್ದು. ಇಪ್ಪತ್ತನೆಯ ಶತಮಾನದ ಬಹುಭಾಗ ನಮ್ಮ ಕೃಷಿ ಪುಸ್ತಕಗಳಲ್ಲಿ ಹೆಸರಿಗೆ ಬಳಕೆಯಾದದ್ದು ಈ ಮೂರನೆಯ ಹೆಸರೇ.

ಇದರಿಂದ ಯಾರಿಗೆ ಏನು ನಷ್ಟ ಎಂದು ನೀವು ಕೇಳಬಹುದು. ಒಂದು ಉದಾಹರಣೆ ಯೋಚಿಸಿ. ನೂರು ವರ್ಷ ಹಿಂದಿನ ವರದಿಯೊಂದರಲ್ಲಿ 'ಫ್ಯಾಸಿಯೋಲಸ್ ಮುಂಗೊ ಈ ರೋಗವನ್ನು ತಡೆಯುತ್ತದೆ' ಎಂದು ಬರೆದಿದೆ. ಓದಿದವರು ಅದನ್ನು ಹೆಸರೆಂದು ತಿಳಿಯಬೇಕೋ ಉದ್ದೆಂದು ತಿಳಿಯಬೇಕೋ? ಬರೆದವರ ಗಿಡದ ಮಾದರಿ ಎಲ್ಲಿಯೂ ಉಳಿದಿಲ್ಲವಾದರೆ ಆ ಶ್ರಮವೆಲ್ಲ ವ್ಯರ್ಥ. ಔಷಧಿಯ ಬಾಟಲಿಯ ಮೇಲೆ ತಪ್ಪು ಚೀಟಿ ಅಂಟಿಸಿದಂತೆ.

ಹಾಗಿದ್ದರೆ ಹೆಸರನ್ನೂ ಉದ್ದನ್ನೂ ಖಚಿತವಾಗಿ ಗುರುತಿಸುವುದು ಹೇಗೆ? ಇದಕ್ಕೆ ಪ್ರಯೋಗಾಲಯ ಬೇಡ. ಹೊಲಕ್ಕೆ ಹೋಗಿ ಕಾಯಿಗಳನ್ನು ನೋಡಿ. ಉದ್ದಿನ ಕಾಯಿಗಳು ಸಾಮಾನ್ಯವಾಗಿ ಮೇಲ್ಮುಖವಾಗಿ ನಿಂತಿರುತ್ತವೆ, ಗಿಡ್ಡವಾಗಿರುತ್ತವೆ. ಮೈಮೇಲೆ ಉದ್ದನೆಯ ದಟ್ಟ ರೋಮ. ಹೆಸರಿನ ಕಾಯಿಗಳು ಅಡ್ಡಕ್ಕೆ ಚಾಚಿರುತ್ತವೆ ಇಲ್ಲವೆ ಕೆಳಕ್ಕೆ ಬಾಗಿರುತ್ತವೆ. ರೋಮ ಗಿಡ್ಡ. ಕಾಳನ್ನು ಅಂಗೈಯಲ್ಲಿ ಹಿಡಿದು ಭೂತಗನ್ನಡಿಯಿಂದ ಅದರ ಕಣ್ಣನ್ನು, ಅಂದರೆ ಕಾಯಿಗೆ ಅಂಟಿಕೊಂಡಿದ್ದ ಬಿಳಿಯ ಗುರುತನ್ನು ನೋಡಿ. ಹೆಸರಿನಲ್ಲಿ ಅದು ಮಟ್ಟಸವಾಗಿರುತ್ತದೆ. ಉದ್ದಿನಲ್ಲಿ ಸುತ್ತಲೂ ಅಂಚು ಎದ್ದು ನಡುವೆ ತಗ್ಗಾಗಿರುತ್ತದೆ. ಕಾಳಿನ ಬಣ್ಣ ಮೋಸ ಮಾಡಬಹುದು. ಕಾಯಿ ನಿಲ್ಲುವ ರೀತಿ, ರೋಮ, ಕಾಳಿನ ಕಣ್ಣು ಈ ಮೂರನ್ನೂ ಒಟ್ಟಿಗೆ ನೋಡಿದರೆ ಮೋಸಹೋಗುವುದು ಕಷ್ಟ. ವರ್ಗೀಕರಣದ ಮೊದಲ ಪಾಠವೇ ಇದು. ಒಂದೇ ಲಕ್ಷಣವನ್ನು ನಂಬಬೇಡಿ, ಹಲವು ಲಕ್ಷಣಗಳ ಸಾಕ್ಷ್ಯವನ್ನು ಕೂಡಿಸಿ.

ಪ್ರಭೇದದ ಗೊಂದಲ ಇದಾಯಿತು. ಇದಕ್ಕಿಂತ ದೊಡ್ಡ ಪ್ರಶ್ನೆ ಅಡ್ಡಹೆಸರಿನದು. ಹೆಸರು ನಿಜವಾಗಿಯೂ ಫ್ಯಾಸಿಯೋಲಸ್ ಮನೆತನಕ್ಕೆ ಸೇರಿದ್ದೆ? ನಾವು ಪಲ್ಯ ಮಾಡುವ ಬೀನ್ಸ್ ಗಿಡದ ಹೆಸರು ಫ್ಯಾಸಿಯೋಲಸ್ ವಲ್ಗ್ಯಾರಿಸ್. ಅದರ ಮೂಲ ಅಮೆರಿಕ ಖಂಡ. ಲಿನೇಯಸ್ ಆ ಗಿಡವನ್ನೂ ಏಷ್ಯದ ಹೆಸರು, ಉದ್ದುಗಳನ್ನೂ ಒಂದೇ ಬುಟ್ಟಿಗೆ ಹಾಕಿದ್ದರು. ಮೂರು ಎಲೆಗಳ ಗುಂಪು, ಉದ್ದನೆಯ ಕಾಯಿ, ಚಿಟ್ಟೆಯಂಥ ಹೂವು. ಮೇಲ್ನೋಟಕ್ಕೆ ಎಲ್ಲವೂ ಒಂದೇ.

ಹೂವನ್ನು ಬಿಡಿಸಿ ನೋಡಿದಾಗ ಬೇರೆ ಸಂಗತಿ ಕಾಣುತ್ತದೆ. ಈ ಬಗೆಯ ಹೂವಿನಲ್ಲಿ ಐದು ದಳಗಳು. ಮೇಲೆ ಒಂದು ಪತಾಕೆ, ಅಕ್ಕಪಕ್ಕ ಎರಡು ರೆಕ್ಕೆ, ಕೆಳಗೆ ಎರಡು ದಳ ಕೂಡಿ ಆದ ದೋಣಿ. ಬೀನ್ಸ್ ಹೂವಿನ ದೋಣಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುತ್ತದೆ. ಹೆಸರಿನ ಹೂವಿನ ದೋಣಿ ಬಾಗಿದ್ದರೂ ಹಾಗೆ ಸುರುಳಿಯಾಗುವುದಿಲ್ಲ. ಅದರ ಎಡಬದಿಗೆ ಕೊಂಬಿನಂಥ ಒಂದು ಪುಟ್ಟ ಚೀಲ ಇರುತ್ತದೆ. ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಕಡೆ ಇರುವ ಕಿರಿ ಎಲೆಗಳು ಬೀನ್ಸಿನಲ್ಲಿ ಬುಡದಿಂದ ಅಂಟಿಕೊಂಡಿರುತ್ತವೆ. ಹೆಸರಿನಲ್ಲಿ ಅವು ಬುಡಕ್ಕಿಂತ ಮೇಲೆ ಅಂಟಿಕೊಂಡು ಗುರಾಣಿಯಂತೆ ನಿಂತಿರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪರಾಗದ ಮೇಲ್ಮೈಯೂ ಬೇರೆ. ಹೆಸರಿನ ಗುಂಪಿನ ಪರಾಗದ ಮೇಲೆ ದೊಡ್ಡ ಕಣ್ಣುಗಳ ಬಲೆಯಂಥ ವಿನ್ಯಾಸವಿದೆ. ಬೀನ್ಸ್ ಗುಂಪಿನಲ್ಲಿ ಅದಿಲ್ಲ.

ಇಷ್ಟು ಸಾಕ್ಷ್ಯ ಕೂಡಿದ ಮೇಲೆ ಮನೆತನ ಬದಲಾಗಲೇಬೇಕಾಯಿತು. ಇಟಲಿಯ ಸಾವಿ ಎಂಬ ವಿಜ್ಞಾನಿ 1824ರಲ್ಲಿ ಸ್ಥಾಪಿಸಿದ್ದ ಒಂದು ಜಾತಿ 'ವಿಗ್ನಾ'. ಹದಿನೇಳನೆಯ ಶತಮಾನದ ಇಟಲಿಯ ಸಸ್ಯವಿಜ್ಞಾನಿ ಡೊಮೆನಿಕೊ ವಿಗ್ನಾ ಅವರ ನೆನಪಿಗೆ ಇಟ್ಟ ಹೆಸರು ಅದು. ನಮ್ಮ ಅಲಸಂದೆ ಈ ಜಾತಿಗೆ ಸೇರಿದೆ. 1954ರಲ್ಲಿ ಆಫ್ರಿಕದ ಕಾಂಗೋ ಪ್ರದೇಶದ ಸಸ್ಯಗಳ ಮೇಲೆ ಕೆಲಸ ಮಾಡುತ್ತಿದ್ದ ವಿಲ್ಚೆಕ್ ಹೆಸರನ್ನು ವಿಗ್ನಾಕ್ಕೆ ಸೇರಿಸಿದರು. 1956ರಲ್ಲಿ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಹೆಪ್ಪರ್ ಉದ್ದನ್ನು ಸೇರಿಸಿದರು. 1970ರಲ್ಲಿ ಅದೇ ಕ್ಯೂ ಸಸ್ಯೋದ್ಯಾನದ ವರ್ಡ್‌ಕೋರ್ಟ್ ಎರಡು ಜಾತಿಗಳ ನಡುವಿನ ಗಡಿಯನ್ನು ವಿವರವಾಗಿ ತಿಳಿಸಿದರು. ಹೆಸರು, ಉದ್ದು, ಮಡಿಕೆ ಕಾಳುಗಳಿರುವ ಏಷ್ಯದ ಗುಂಪಿಗೆ ವಿಗ್ನಾದೊಳಗೆ ಒಂದು ಉಪಜಾತಿಯ ಹೆಸರಿದೆ, 'ಸೆರಟೊಟ್ರೋಪಿಸ್'. ಗ್ರೀಕ್ ಮೂಲದ ಈ ಪದಕ್ಕೆ ಕೊಂಬುಳ್ಳ ದೋಣಿ ಎಂದೇ ಅರ್ಥ. ಮೇಲೆ ಹೇಳಿದ ಆ ಪುಟ್ಟ ಚೀಲ ಗುಂಪಿನ ಹೆಸರಿನಲ್ಲಿಯೇ ಕೂತಿದೆ ನೋಡಿ.

ಆದ್ದರಿಂದ ನನ್ನ ಪ್ರಶ್ನೆಗೆ ಉತ್ತರ ಇದು: ಹೆಸರಿನ ವೈಜ್ಞಾನಿಕ ಹೆಸರು 'ವಿಗ್ನಾ ರೇಡಿಯಾಟ'. ಉದ್ದಿನದು 'ವಿಗ್ನಾ ಮುಂಗೊ'. ಪುಸ್ತಕಗಳಲ್ಲಿ ವಿಗ್ನಾ ರೇಡಿಯಾಟ ಎಂಬುದರ ಮುಂದೆ ಕಂಸದೊಳಗೆ 'ಎಲ್' ಎಂಬ ಒಂದೇ ಅಕ್ಷರ, ಕಂಸದ ಹೊರಗೆ ವಿಲ್ಚೆಕ್ ಅವರ ಹೆಸರು ಬರೆದಿರುವುದನ್ನು ನೀವು ಕಾಣುತ್ತೀರಿ. ಮೊದಲು ಹೆಸರಿಟ್ಟವರು ಲಿನೇಯಸ್, ಈಗಿನ ಜಾತಿಗೆ ತಂದವರು ವಿಲ್ಚೆಕ್ ಎಂಬುದು ಅದರ ಅರ್ಥ. ಮನೆತನ ಬದಲಾದರೂ 'ರೇಡಿಯಾಟ' ಎಂಬ ಸ್ವಂತ ಹೆಸರು ಉಳಿಯಿತು, ಏಕೆಂದರೆ ಮೊದಲು ಬಂದದ್ದು ಅದೇ. ಅಗ್ರತೆಯ ನಿಯಮದ ಪ್ರಕಾರ ರಾಕ್ಸ್‌ಬರ್ಗರ ಬಂಗಾರದ ಹೆಸರು ಹಿಂದೆ ಸರಿಯಿತು. ಆದರೆ ಅದೇ ನಿಯಮದಿಂದ ಉದ್ದಿನ ಮೇಲೆ ಮುಂಗೊ ಎಂಬ ಹೊಂದದ ಹೆಸರು ಶಾಶ್ವತವಾಗಿ ಉಳಿದುಕೊಂಡಿತು. ಹೆಸರು ಅರ್ಥಕ್ಕೆ ಹೊಂದಬೇಕೆಂಬುದಕ್ಕಿಂತ ಎಲ್ಲರಿಗೂ ಒಂದೇ ಆಗಿರಬೇಕೆಂಬುದು ಇಲ್ಲಿ ಮುಖ್ಯ.

ಗಿಡಗಳ ಜಗತ್ತಿಗೆ ಮಾತ್ರ ಹೀಗೆ ಎಂದುಕೊಳ್ಳಬೇಡಿ. ರೋಣದ ಎರೆ ಹೊಲದಿಂದ ಬಹುದೂರದ ಸಮುದ್ರದೊಳಕ್ಕೆ ಒಮ್ಮೆ ಹೋಗೋಣ. ಅಲ್ಲಿ ಬುಲ್‌ಹೆಡ್ ಶಾರ್ಕ್, ಅಂದರೆ ಗೂಳಿತಲೆಯ ಶಾರ್ಕ್ ಎಂಬ ಮೀನುಗಳಿವೆ. ದಪ್ಪ ತಲೆ, ಕಣ್ಣಿನ ಮೇಲೆ ಹುಬ್ಬಿನಂತೆ ಎದ್ದ ದಿಣ್ಣೆ, ಬೆನ್ನ ಮೇಲಿನ ಎರಡು ಈಜುರೆಕ್ಕೆಗಳ ಮುಂದೆ ಒಂದೊಂದು ಮುಳ್ಳು. ಇವು ಸಮುದ್ರದ ತಳದಲ್ಲಿ ನಿಧಾನವಾಗಿ ಓಡಾಡುತ್ತ ಚಿಪ್ಪಿನ ಜೀವಿಗಳನ್ನು ತಿಂದು ಬದುಕುತ್ತವೆ.

ಲಿನೇಯಸ್ 1758ರಲ್ಲಿ ಆಗ ತಿಳಿದಿದ್ದ ಶಾರ್ಕುಗಳನ್ನೆಲ್ಲ 'ಸ್ಕ್ವಾಲಸ್' ಎಂಬ ಒಂದೇ ಬುಟ್ಟಿಗೆ ಹಾಕಿದ್ದರು. ಆಸ್ಟ್ರೇಲಿಯದ ಪೋರ್ಟ್ ಜ್ಯಾಕ್‌ಸನ್ ಬಂದರಿನ ಗೂಳಿತಲೆಯ ಶಾರ್ಕಿಗೆ 1793ರಲ್ಲಿ ಮೇಯರ್ ಎಂಬವರು ಹೆಸರಿಟ್ಟಾಗ ಅದೂ ಆ ಬುಟ್ಟಿಗೇ ಬಿತ್ತು. 1816ರಲ್ಲಿ ಫ್ರಾನ್ಸಿನ ಬ್ಲೇನ್‌ವಿಲ್ ಇವುಗಳಿಗೆ 'ಹೆಟೆರೊಡಾಂಟಸ್' ಎಂಬ ಬೇರೆಯೇ ಜಾತಿ ಮಾಡಿದರು. ಬೇರೆ ಬೇರೆ ಬಗೆಯ ಹಲ್ಲುಳ್ಳದ್ದು ಎಂದು ಅದರ ಅರ್ಥ. ಬಾಯಿಯ ಮುಂಭಾಗದಲ್ಲಿ ಹಿಡಿಯಲು ಚೂಪು ಹಲ್ಲು, ಹಿಂಭಾಗದಲ್ಲಿ ಚಿಪ್ಪು ಅರೆಯಲು ಚಪ್ಪಟೆ ಹಲ್ಲು. ಹಿಂದೆ ಕೆಲವು ವಿಜ್ಞಾನಿಗಳು ಬೆನ್ನಿನ ಮುಳ್ಳು ಮತ್ತು ಹಲ್ಲುಗಳನ್ನು ನೋಡಿ ಇವನ್ನು ಎಂದೋ ಅಳಿದುಹೋದ ಹೈಬೊಡಸ್ ಗುಂಪಿನ ಶಾರ್ಕುಗಳ ನೇರ ವಾರಸುದಾರರೆಂದು ಭಾವಿಸಿದ್ದರು. ಇತರ ಅಂಗಗಳನ್ನೂ ಪರಿಶೀಲಿಸಿದ ಮೇಲೆ ಇವು ಇಂದಿನ ಶಾರ್ಕುಗಳ ಬಳಗದವೇ ಎಂದು ಗೊತ್ತಾಯಿತು. ಈಗ ಇವಕ್ಕೆ ಪ್ರತ್ಯೇಕ ಗಣವೇ ಉಂಟು. ಆ ಗಣದಲ್ಲಿ ಇಂದು ಬದುಕಿರುವುದು ಒಂದೇ ಕುಟುಂಬ, ಆ ಕುಟುಂಬದಲ್ಲಿ ಒಂದೇ ಜಾತಿ.

ಈ ಕೆಲಸ ಮುಗಿದುಹೋದದ್ದೂ ಅಲ್ಲ. 2005ರಲ್ಲಿ ನಮ್ಮ ಅರಬ್ಬೀ ಸಮುದ್ರದ ಆಚೆ ದಡದ ಒಮಾನ್ ದೇಶದ ಕರಾವಳಿಯಿಂದ ಒಂದು ಹೊಸ ಪ್ರಭೇದ ವರ್ಣಿತವಾಯಿತು. 2023ರಲ್ಲಿ ವಾಯವ್ಯ ಆಸ್ಟ್ರೇಲಿಯದಿಂದ ಇನ್ನೊಂದು, 'ಹೆಟೆರೊಡಾಂಟಸ್ ಮಾರ್ಷಲೇ'. ಶಾರ್ಕುಗಳ ಚಿತ್ರಕಾರರಾದ ಲಿಂಡ್ಸೇ ಮಾರ್ಷಲ್ ಅವರ ಗೌರವಾರ್ಥ ಇಟ್ಟ ಹೆಸರು. ಅಲ್ಲಿಯತನಕ ಅದನ್ನು ಪಟ್ಟೆಪಟ್ಟೆಯ 'ಜೀಬ್ರ' ಪ್ರಭೇದವೆಂದೇ ತಿಳಿಯಲಾಗಿತ್ತು. ವಂಶವಾಹಿಯ ಪರೀಕ್ಷೆ, ಮೊಟ್ಟೆಚೀಲದ ಆಕಾರ, ಮೈಬಣ್ಣದ ವಿನ್ಯಾಸ ಈ ಮೂರೂ ಸೇರಿ ಅದು ಬೇರೆ ಎಂದು ತೋರಿಸಿದವು. ಹೆಸರಿಗೂ ಉದ್ದಿಗೂ ಕಾಯಿ, ರೋಮ, ಕಾಳಿನ ಕಣ್ಣು ಸಾಕ್ಷಿ ಹೇಳಿದಂತೆಯೇ ಅಲ್ಲವೆ? ಇದರಲ್ಲಿ ಕಾಳಜಿಯ ವಿಷಯವೂ ಇದೆ. ಎರಡು ಪ್ರಭೇದಗಳನ್ನು ಒಂದೆಂದು ಎಣಿಸಿದರೆ ಅವುಗಳಲ್ಲಿ ಒಂದು ವಿರಳವಾಗುತ್ತಿದ್ದರೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ಹೆಸರಿಲ್ಲದ್ದನ್ನು ಕಾಪಾಡಲಾಗದು.

ಈಗ ಮರಳಿ ಹೊಲಕ್ಕೆ ಬನ್ನಿ. ಹೆಸರಿನ ಬೆಳೆಗೆ ದೊಡ್ಡ ಶತ್ರುಗಳಲ್ಲಿ ಒಂದು ಹಳದಿ ನಂಜುರೋಗ. ಎಲೆಗಳ ಮೇಲೆ ಹಳದಿ ಮಚ್ಚೆಗಳು ಮೂಡಿ, ಹರಡಿ, ಕಡೆಗೆ ಹೊಲವೆಲ್ಲ ಹಳದಿಯಾಗುತ್ತದೆ. ಕಾಯಿ ಕಟ್ಟುವುದು ಕಡಿಮೆಯಾಗುತ್ತದೆ. ಇದು ವೈರಸ್ ರೋಗ. ಒಂದು ಗಿಡದಿಂದ ಇನ್ನೊಂದಕ್ಕೆ ಇದನ್ನು ಒಯ್ಯುವುದು ಬಿಳಿನೊಣ. ಎರಡನೆಯ ಶತ್ರು ಕಾಳು ಕೊರೆಯುವ ಹುಳು. ಚೆನ್ನಾಗಿ ಒಣಗಿಸದೆ ಚೀಲ ತುಂಬಿಟ್ಟ ಕಾಳು ಕೆಲವೇ ತಿಂಗಳಲ್ಲಿ ತೂತು ತೂತಾಗಿ ಹಿಟ್ಟಾಗುವುದನ್ನು ನೀವು ಮನೆಯಲ್ಲೇ ನೋಡಿರಬಹುದು.

ಈ ಶತ್ರುಗಳನ್ನು ತಡೆಯುವ ಗುಣ ಹೆಸರಿನಲ್ಲಿ ಸಾಕಷ್ಟು ಇಲ್ಲದಿದ್ದರೆ ಎಲ್ಲಿ ಹುಡುಕಬೇಕು? ಬಂಧುಗಳಲ್ಲಿ. ಯಾವ ಬಂಧುಗಳಲ್ಲಿ? ಇಲ್ಲಿಯೇ ಹೆಸರಿನ ಬೆಲೆ ತಿಳಿಯುವುದು. ಫ್ಯಾಸಿಯೋಲಸ್ ಎಂಬ ಹಳೆಯ ಅಡ್ಡಹೆಸರನ್ನು ನಂಬಿದವರು ಬೀನ್ಸಿನ ಕಡೆಗೆ ನೋಡಬೇಕಾಗುತ್ತಿತ್ತು. ಆದರೆ ಬೀನ್ಸ್ ದೂರದ ನಂಟ. ವಿಗ್ನಾ ಎಂಬ ಸರಿಯಾದ ಹೆಸರು ಉದ್ದಿನ ಕಡೆಗೆ, ಕಾಡು ಹೆಸರಿನ ಕಡೆಗೆ ಬೆರಳು ತೋರಿಸುತ್ತದೆ. ಹೆಸರು ಮತ್ತು ಉದ್ದನ್ನು ಸಂಕರ ಮಾಡಿ ರೋಗ ತಾಳುವ ತಳಿಗಳನ್ನು ಪಡೆಯುವ ಪ್ರಯತ್ನ ನಮ್ಮ ದೇಶದಲ್ಲಿ ಫಲ ಕೊಟ್ಟಿದೆ. ಕಾಡು ಹೆಸರಿನ ಹೆಸರು 'ವಿಗ್ನಾ ರೇಡಿಯಾಟ ಸಬ್‌ಲೋಬಾಟ'. ನಮ್ಮ ಪಶ್ಚಿಮ ಘಟ್ಟಗಳಲ್ಲೂ ಬೆಳೆಯುವ ಬಳ್ಳಿ ಇದು. ಇಂಥ ಕಾಡು ಹೆಸರಿನ ಮಡಗಾಸ್ಕರದ ಒಂದು ಮಾದರಿಯ ಕಾಳಿನಲ್ಲಿ ಹುಳುಗಳು ಬೆಳೆಯಲಾರವು ಎಂಬುದನ್ನು 1987ರಲ್ಲಿ ಜಪಾನಿನ ವಿಜ್ಞಾನಿಗಳು ಪ್ರಕಟಿಸಿದರು. ತಳಿ ಅಭಿವೃದ್ಧಿಗೆ ಅಂದಿನಿಂದ ಆ ಮಾದರಿ ಬಳಕೆಯಾಗುತ್ತಿದೆ. ಬೇಲಿಯ ಬದಿಯ ಕಳೆಯೆಂದು ಯಾರೂ ಗಮನಿಸದ ಬಳ್ಳಿಯಲ್ಲಿ ಕಣಜ ಕಾಯುವ ಶಕ್ತಿ ಇತ್ತು!

2014ರಲ್ಲಿ ಹೆಸರಿನ ಪೂರ್ಣ ವಂಶವಾಹಿ ನಕ್ಷೆ ಪ್ರಕಟವಾಯಿತು. ಹೆಸರಿನ ಜೀವಕೋಶದಲ್ಲಿ 11 ಜೊತೆ ವರ್ಣತಂತುಗಳಿವೆ. ಹೂವಿನ ದೋಣಿಯನ್ನು ಬಿಡಿಸಿ ನೋಡಿ ಹಿಂದಿನವರು ಊಹಿಸಿದ್ದ ಬಂಧುತ್ವವನ್ನು ಈಗ ವಂಶವಾಹಿಯ ಅಕ್ಷರಗಳಲ್ಲಿ ಓದಬಹುದಾಗಿದೆ. ಹೆಚ್ಚಿನ ಕಡೆ ಎರಡೂ ಒಂದೇ ಮಾತು ಹೇಳುತ್ತವೆ. ಹೇಳದ ಕಡೆ ವರ್ಗೀಕರಣವನ್ನು ತಿದ್ದಲಾಗುತ್ತದೆ. ಆದ್ದರಿಂದ ವೈಜ್ಞಾನಿಕ ಹೆಸರು ಬದಲಾದಾಗ 'ಇವರಿಗೆ ಬೇರೆ ಕೆಲಸವಿಲ್ಲ' ಎಂದು ಬೇಸರಪಡಬೇಡಿ. ಹೆಸರಿನ ಬದಲಾವಣೆ ಎಂದರೆ ಎಷ್ಟೋ ವೇಳೆ ಹೊಸ ತಿಳಿವಳಿಕೆಯ ಸುದ್ದಿ.

ವೈಜ್ಞಾನಿಕ ಹೆಸರು ಎಲ್ಲವನ್ನೂ ಹೇಳುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ವಿಗ್ನಾ ರೇಡಿಯಾಟ ಎಂಬ ಒಂದೇ ಹೆಸರಿನ ಕೆಳಗೆ ನೂರಾರು ತಳಿಗಳಿವೆ. ಬೇಗ ಬರುವುದು, ತಡವಾಗಿ ಬರುವುದು, ಹೊಳೆಯುವ ಕಾಳಿನದು, ಮಾಸಲು ಕಾಳಿನದು. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಆರಂಭವಾಯಿತು. ಅದು ಹೊರತಂದ 'ಡಿಜಿಜಿವಿ-2' ಎಂಬ ತಳಿ ಈ ಭಾಗದ ರೈತರಿಗೆ ಪರಿಚಿತ. ತಳಿಗಳಿಗೆ ಹೆಸರಿಡಲು ಬೇರೆ ನಿಯಮಾವಳಿ ಇದೆ. ಅದು ಮೊದಲು ಬಂದದ್ದು 1953ರಲ್ಲಿ. ಪ್ರಯೋಗಾಲಯದ ತಳಿಗೆ ಹೀಗೆ ದಾಖಲೆ ಇರುತ್ತದೆ. ಆದರೆ ಅಜ್ಜಿಯರು ಬೂದಿ ಬೆರೆಸಿ ಗಡಿಗೆಯಲ್ಲಿ ಕಾಪಾಡಿದ ನಾಟಿ ತಳಿಗಳ ಹೆಸರು ಎಲ್ಲಿ ದಾಖಲಾಗಿದೆ? ಅಂಥ ಒಂದು ತಳಿಯನ್ನು ಬಿತ್ತುವ ಕೊನೆಯ ಮನೆ ಬಿತ್ತುವುದನ್ನು ನಿಲ್ಲಿಸಿದರೆ ಕಾಳೂ ಹೋಗುತ್ತದೆ, ಅದರ ಹೆಸರೂ ಹೋಗುತ್ತದೆ. ಹಳದಿ ರೋಗಕ್ಕೋ ಬರಗಾಲಕ್ಕೋ ಅದರಲ್ಲಿ ಉತ್ತರವಿತ್ತೆ ಎಂದು ಆಮೇಲೆ ಕೇಳಿ ಪ್ರಯೋಜನವಿಲ್ಲ. ಭಾರತದ ಸಂಸತ್ತು 2001ರಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯನ್ನು ಅಂಗೀಕರಿಸಿತು. ರೈತರು ತಾವು ಕಾಪಾಡಿಕೊಂಡು ಬಂದ ತಳಿಯನ್ನು ತಮ್ಮ ತಳಿಯೆಂದು ನೋಂದಾಯಿಸಲು ಅದರಲ್ಲಿ ಅವಕಾಶವಿದೆ. ಅದಕ್ಕೆ ತಳಿಗೊಂದು ಹೆಸರು ಬೇಕು, ಇತರ ತಳಿಗಳಿಂದ ಅದು ಹೇಗೆ ಬೇರೆ ಎಂದು ತೋರಿಸಬೇಕು. ಲಿನೇಯಸ್ ಮಾಡಿದ ಕೆಲಸವೇ ಇಲ್ಲಿಯೂ ನಡೆಯಬೇಕು: ನೋಡುವುದು, ಹೋಲಿಸುವುದು, ಹೆಸರಿಡುವುದು, ಬರೆದಿಡುವುದು.

ಈ ಕಾಳಿನೊಂದಿಗೆ ನಮ್ಮ ನಾಡಿನ ನಂಟು ಬಹಳ ಹಳೆಯದು. ಬಳ್ಳಾರಿ ಬಳಿಯ ಸಂಗನಕಲ್ಲು, ಹಾವೇರಿ ಜಿಲ್ಲೆಯ ಹಳ್ಳೂರು ಮುಂತಾದ ನವಶಿಲಾಯುಗದ ನೆಲೆಗಳ ಉತ್ಖನನದಲ್ಲಿ ಸುಟ್ಟು ಕರಕಲಾದ ಹೆಸರು ಕಾಳುಗಳು ದೊರೆತಿವೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಈ ಬಯಲಿನ ಜನ ಹೆಸರು, ಹುರುಳಿಗಳನ್ನು ಬೆಳೆದು ಉಣ್ಣುತ್ತಿದ್ದರು. ಅವರು ಅದನ್ನು ಏನೆಂದು ಕರೆಯುತ್ತಿದ್ದರು ಎಂದು ಹೇಳಲು ಬರಹ ಉಳಿದಿಲ್ಲ. ಆದರೆ ಕರಕಲಾದ ಆ ಕಾಳಿನ ಆಕಾರವನ್ನೂ ಕಣ್ಣನ್ನೂ ನೋಡಿ ಇದು ಹೆಸರು, ಉದ್ದಲ್ಲ ಎಂದು ಇಂದಿನ ವಿಜ್ಞಾನಿಗಳು ಗುರುತಿಸುತ್ತಾರೆ.

ವಿದ್ಯಾರ್ಥಿಗಳೆ, ಮುಂದಿನ ಮುಂಗಾರಿಗೆ ನೀವು ಮಾಡಬಹುದಾದ ಒಂದು ಸಣ್ಣ ಕೆಲಸ ಹೇಳುತ್ತೇನೆ. ಹೊಲದ ಯಜಮಾನರನ್ನು ಕೇಳಿಕೊಂಡು ಹೂವು, ಕಾಯಿ ಎರಡೂ ಇರುವ ಒಂದು ಹೆಸರಿನ ಗಿಡ, ಒಂದು ಉದ್ದಿನ ಗಿಡ ತನ್ನಿ. ಹೂವನ್ನು ಬಿಡಿಸಿ ದೋಣಿಯ ಕೊಂಬನ್ನು ಹುಡುಕಿ. ಗಿಡಗಳನ್ನು ಹಳೆಯ ಪತ್ರಿಕೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ, ದಿನವೂ ಕಾಗದ ಬದಲಿಸಿ ಒಣಗಿಸಿ. ಒಂದು ದಪ್ಪ ಹಾಳೆಗೆ ಅಂಟಿಸಿ. ಬಲಗಡೆ ಕೆಳಗೆ ಊರು, ಹೊಲದ ಮಣ್ಣು, ದಿನಾಂಕ, ಮನೆಯವರು ಆ ತಳಿಯನ್ನು ಕರೆಯುವ ಹೆಸರು, ವೈಜ್ಞಾನಿಕ ಹೆಸರು ಇಷ್ಟನ್ನೂ ಬರೆಯಿರಿ. ಮನೆಯವರು ಹೇಳಿದ ಹೆಸರನ್ನು ತಿದ್ದಬೇಡಿ, ಕೇಳಿದಂತೆಯೇ ಬರೆಯಿರಿ. ನೂರು ವರ್ಷದ ನಂತರ ಯಾರಾದರೂ ಆ ಹಾಳೆಯನ್ನು ತೆಗೆದು ನೋಡಿದರೆ, ನೀವು ಹೆಸರು ಎಂದು ಬರೆದದ್ದು ಯಾವ ಗಿಡ ಎಂಬುದರಲ್ಲಿ ಅವರಿಗೆ ಸಂದೇಹ ಉಳಿಯುವುದಿಲ್ಲ.